ಸಾಹೇಬರ ಸಲಾಕೆ

ಎಲ್ಲರಿಗೂ ನಮಸ್ಕಾರ.

ನಿನ್ನೆ ಸೆಪ್ಟೆಂಬರ್ 15, ಇಂಜಿನಿಯರುಗಳ ದಿನ. ನಾಳೆ 17, ನಮ್ಮ ಕಲ್ಯಾಣ ಕರ್ನಾಟಕ ಉತ್ಸವ. ನಡುವಿನ ಈ ದಿನ ಕಲಬುರಗಿಯ ಚರ್ಚ್ ಸಭಾಂಗಣಕ್ಕೆ ನನ್ನನ್ನು ಕರೆದಿದ್ದೀರಿ. ನಾನು ಕ್ರೈಸ್ತನಲ್ಲ, ಸೈನ್ಯದಲ್ಲಿ ಇದ್ದವನೂ ಅಲ್ಲ. ಜೇವರ್ಗಿ ಕಡೆಯ ಒಕ್ಕಲುತನದ ಮನೆಯವನು. ಆದರೂ ನಿಮ್ಮ ಚರ್ಚಿನ ಆ ಹಿರಿಯರ ಬಗ್ಗೆ ಮಾತಾಡಿ ಅಂದಾಗ ಒಲ್ಲೆ ಅನ್ನಲಿಲ್ಲ. ಹನ್ನೊಂದು ವರ್ಷ ಅವರ ಕೈಕೆಳಗೆ ಕಾಲುವೆ ಕೆಲಸ ಕಲಿತವನು ನಾನು. ವೇದಿಕೆ ಮೇಲೆ ತಮ್ಮ ಹೆಸರು ಬರುವುದು ಅವರಿಗೆ ಇಷ್ಟವಿರಲಿಲ್ಲ. ನಾವೆಲ್ಲ ಅವರನ್ನು ಮಿಲಿಟ್ರಿ ಸಾಹೇಬ್ರು ಅನ್ನುತ್ತಿದ್ದೆವು. ಇವತ್ತೂ ಹಾಗೇ ಕರೆಯುತ್ತೇನೆ.

ಸಾಹೇಬರು ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ. 1962ರ ಚೀನಾ ಯುದ್ಧದ ಮೇಲೆ ಸೈನ್ಯಕ್ಕೆ ಇಂಜಿನಿಯರುಗಳು ಬೇಕಾದರು. ಆಗ ಹೋಗಿ ಮದ್ರಾಸ್ ಸ್ಯಾಪರ್ಸ್ ಸೇರಿದರು. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಇದೆಯಲ್ಲ, ಆ ಎಂಇಜಿ, ಅಂದರೆ ಸೈನ್ಯದ ಮದ್ರಾಸ್ ಇಂಜಿನಿಯರ್ ಗ್ರೂಪ್. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹೂತಿಟ್ಟ ಮೈನ್, ಅಂದರೆ ಸಿಡಿಗುಂಡು, ತೆಗೆಯುವುದು ಈ ಸ್ಯಾಪರ್‌ಗಳ ಕೆಲಸ.

1971ರ ಡಿಸೆಂಬರಿನ ಪಾಕಿಸ್ತಾನ ಯುದ್ಧದಲ್ಲಿ ಸಾಹೇಬರು ಪಶ್ಚಿಮ ಗಡಿಯ ಶಕರಗಢದ ಕಡೆ ಇದ್ದರು. ಬಸಂತರ್ ನದಿಯ ಕಾಳಗ ಅಂದಾಗ ನಮಗೆ ನೆನಪಾಗುವುದು ಅರುಣ್ ಖೇತ್ರಪಾಲ್. 21 ವರ್ಷದ ಹುಡುಗ, ಪರಮವೀರ ಚಕ್ರ. ಆ ಹುಡುಗನ ಟ್ಯಾಂಕ್ ನದಿ ದಾಟಿ ಮುಂದೆ ಹೋಗಬೇಕಾದರೆ ಮೈನ್ ತುಂಬಿದ ನೆಲದಲ್ಲಿ ದಾರಿ ಬೇಕಿತ್ತು. ಆ ದಾರಿ ಮಾಡಿದವರು ಸ್ಯಾಪರ್‌ಗಳು. ದಾರಿ ಪೂರ್ತಿ ಆಗುವ ಮೊದಲೇ ಟ್ಯಾಂಕುಗಳು ನುಗ್ಗಿದವು. 9 ಇಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿ ಆ ಕೆಲಸದಲ್ಲೇ ಪ್ರಾಣ ಕೊಟ್ಟರು. ಅವರಿಗೆ ಮಹಾವೀರ ಚಕ್ರ ಬಂತು. ಖೇತ್ರಪಾಲ್ ಹೆಸರು ಗೊತ್ತಿರುವಷ್ಟು ಚೌಧರಿ ಹೆಸರು ಗೊತ್ತಿಲ್ಲ, ಅಲ್ವಾ? ನನಗೆ ಇದು ಇವತ್ತಿಗೂ ಚುಚ್ಚುತ್ತದೆ.

ಮೈನ್ ಹುಡುಕುವ ಬಗೆಯನ್ನು ಸಾಹೇಬರು ಒಂದೇ ಒಂದು ಸಲ ನನಗೆ ತೋರಿಸಿದ್ದರು. ನೆಲದ ಮೇಲೆ ಬೋರಲು ಮಲಗಬೇಕು. ಬಯೊನೆಟ್ಟನ್ನು, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿಯನ್ನು, ನೇರವಾಗಿ ಇಳಿಸಬಾರದು, ಓರೆಯಾಗಿ, ಮೆಲ್ಲಗೆ ತೂರಿಸಬೇಕು. ಯಾಕೆಂದರೆ ಮೈನ್ ಸಿಡಿಯುವುದು ಮೇಲಿನಿಂದ ಒತ್ತಡ ಬಿದ್ದಾಗ. ಓರೆಯಾಗಿ ಹೋದ ಮೊನೆ ಅದರ ಪಕ್ಕಕ್ಕೆ ತಾಗುತ್ತದೆ. ತಾಗಿದ್ದು ಕಲ್ಲೋ ಮೈನೋ ಅಂತ ಬೆರಳೇ ಹೇಳಬೇಕು. ಆಮೇಲೆ ಸ್ವಲ್ಪ ಮುಂದೆ, ಮತ್ತೆ ಚುಚ್ಚು. ತಪಾಸಣೆ ಆದ ನೆಲಕ್ಕೆ ಎರಡೂ ಕಡೆ ಬಿಳಿ ಪಟ್ಟಿ ಹಾಕುತ್ತಾರೆ. ಹಿಂದೆ ಬರುವವನು ಆ ಪಟ್ಟಿ ನಂಬಿ ಕಾಲಿಡುತ್ತಾನೆ. “ನಮ್ಮ ಹಿಂದೆ ಬರುವವರು ಇದ್ದಾರೆ ಮಾರಾಯ,” ಅಂದರು. ಅಷ್ಟೇ, ಮುಂದಕ್ಕೆ ಒಂದು ಮಾತೂ ಇಲ್ಲ.

ಸೈನ್ಯ ಬಿಟ್ಟು ನೀರಾವರಿ ಕೆಲಸಕ್ಕೆ ಇಲ್ಲಿಗೆ ಬಂದರು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದು ನಿಮಗೆ ಗೊತ್ತು. ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯೇ 78 ಕಿಲೋಮೀಟರ್. ಅಲ್ಲಿಂದ ಶಹಾಪುರ, ಜೇವರ್ಗಿ, ಇಂಡಿ ಕಡೆ ಶಾಖೆಗಳು. ನಮ್ಮಪ್ಪ ಮಳೆಗಾಗಿ ಮುಗಿಲು ನೋಡುತ್ತಿದ್ದ ಸೀಮೆ ಅದು.

ಆದರೆ ನಮ್ಮ ಎರೆ ಭೂಮಿ ಕಾಲುವೆಗೆ ಸುಲಭದ ನೆಲವಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಕೆಲವೇ ವರ್ಷದಲ್ಲಿ ಹಲಗೆ ಎದ್ದು ಒಡೆಯುತ್ತದೆ. ಇದಕ್ಕೆ ದಾರಿ ತೋರಿಸಿದವರು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ. ಎರೆ ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಅಂಟು ಇದ್ದೂ ಉಬ್ಬದಂಥ ಮಣ್ಣನ್ನು, ಅಂದರೆ ಒಳ್ಳೆಯ ಮೊರಂ ತರದ್ದನ್ನು, ದಪ್ಪಗೆ ಹಾಸಿ ಗಟ್ಟಿ ಮಾಡಬೇಕು ಅಂದರು. ದಪ್ಪ ಕಡಿಮೆಯಾದರೆ ಹಾಕಿದ್ದೂ ದಂಡ.

ನಾನು ಹೊಸದಾಗಿ ಸೇರಿದ್ದೆ. ಒಂದು ಉಪಕಾಲುವೆಯ ತುಂಡಿಗೆ ಮೊರಂ ಸರಿಯಾಗಿದೆ ಅಂತ ಬರೆದು ಸಹಿ ಹಾಕಿದ್ದೆ. ಗುತ್ತಿಗೆದಾರರು ತೋರಿಸಿದ ಎರಡು ಗುಂಡಿ ನೋಡಿದ್ದೆ, ಅಷ್ಟೇ. ಮರುದಿನ ಸಾಹೇಬರು ಬಂದರು. ಜೀಪಿನಿಂದ ಉದ್ದದ ಕಬ್ಬಿಣದ ಸಲಾಕೆ ತೆಗೆದರು. ಸುತ್ತಿಗೆಯಲ್ಲಿ ಹೊಡೆದು ಇಳಿಸುವುದು, ಕೀಳುವುದು, ನಾಲ್ಕು ಹೆಜ್ಜೆ ನಡೆಯುವುದು, ಮತ್ತೆ ಇಳಿಸುವುದು. “ಸಾಹೇಬ್ರ, ನೆಲಕ್ಕ ಹಿಂಗ್ಯಾಕ ಚುಚ್ಚತೀರಿ?” ಅಂತ ಕೂಲಿಯ ಹೆಣ್ಮಗಳೊಬ್ಬಳು ಕೇಳಿದಳು. ಅವರು ಮಾತಾಡಲಿಲ್ಲ. ಏಳನೆಯ ಸಲವೋ ಎಂಟನೆಯ ಸಲವೋ ಕಿತ್ತ ಸಲಾಕೆಯ ತುದಿಯನ್ನು ನನ್ನ ಮುಂದೆ ಹಿಡಿದರು. ತುದಿಯಿಂದ ಮೊಳದುದ್ದ ಕಪ್ಪು ಎರೆ ಮಣ್ಣು ಅಂಟಿತ್ತು. ಮೊರಂ ಅಲ್ಲಿ ಇದ್ದದ್ದು ಬರೀ ಒಂದು ಗೇಣು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಷ್ಟೂ ತುಂಡು ಕಿತ್ತು ಮತ್ತೆ ಹಾಕಿಸಿದರು. ಹದಿನೆಂಟು ದಿನ ಬಿಸಿಲಲ್ಲಿ ನನ್ನ ಜೊತೆ ತಾವೂ ನಿಂತರು. ನನ್ನ ಸಹಿಯನ್ನು ಅವರು ಮೇಲಿನವರಿಗೆ ತೋರಿಸಲಿಲ್ಲ. ಅದನ್ನು ನಾನು ಮರೆತಿಲ್ಲ.

ಇನ್ನು ಸಾಹೇಬರ ಮನೆ. ಅಮ್ಮಾವ್ರು ಇಲ್ಲೇ ಕೂತಿದ್ದಾರೆ, ಅವರ ಮುಂದೆ ಜಾಸ್ತಿ ಹೇಳಲು ಸಂಕೋಚ. ಯುದ್ಧದ ವರ್ಷ ಎರಡು ಮಕ್ಕಳನ್ನು ಕಟ್ಟಿಕೊಂಡು ಊರಲ್ಲಿ ಇದ್ದವರು ಅವರು. ಇಲ್ಲಿಗೆ ಬಂದ ಮೇಲೆ ಇನ್ನೆರಡು. ರಾತ್ರಿ ಎಂಟಕ್ಕೆ ಎಲ್ಲರೂ ಶಹಾಬಾದ್ ಕಲ್ಲಿನ ನೆಲದ ಮೇಲೆ ಮೊಣಕಾಲೂರಿ ಜಪಸರ ಹೇಳುತ್ತಿದ್ದರು. ಫೈಲು ಹಿಡಿದು ಹೋದ ನಾನು ಪಡಸಾಲೆಯಲ್ಲಿ ಕಾಯುತ್ತಿದ್ದೆ. ಶಿಲುಬೆಯ ಮುಂದಿನ ಆ ಕಲ್ಲು ಮಾತ್ರ ಬೇರೆಯದಕ್ಕಿಂತ ನುಣುಪು, ಹೊಳಪು.

ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯಲ್ಲಿ ಹೊಸ ಭತ್ತದ ತೆನೆ ತರುತ್ತಾರೆ. ಇಲ್ಲಿ ಆ ಹೊತ್ತಿಗೆ ಭತ್ತದ ತೆನೆ ಎಲ್ಲಿಂದ ಬರಬೇಕು? ಸಾಹೇಬರು ನಮ್ಮ ಹೊಲದ ಸಜ್ಜೆ ತೆನೆ ಕೇಳಿದರು. ಫಾದರ್ ಅದನ್ನೇ ಆಶೀರ್ವದಿಸಿದರು. ಅಮ್ಮಾವ್ರು ಅದರ ಕಾಳು ಪುಡಿ ಮಾಡಿ ಪಾಯಸಕ್ಕೆ ಹಾಕಿದರು. “ಈ ನೆಲ ಕೊಡುವುದು ಇದು, ಹಾಗಾಗಿ ಹಬ್ಬವೂ ಇದರದ್ದೇ,” ಅಂದಿದ್ದರು ಸಾಹೇಬರು. ಅಂದಿನಿಂದ ಪ್ರತಿ ವರ್ಷ ತೆನೆ ನಮ್ಮ ಹೊಲದ್ದೇ. ಹೋದ ವಾರವೂ ನಾನೇ ತಂದುಕೊಟ್ಟೆ.

2005ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಗುಲಬರ್ಗಾ ಧರ್ಮಪ್ರಾಂತ್ಯ ಆದಾಗ ಅವರಿಗೆ ಎಪ್ಪತ್ತು ಸಮೀಪಿಸಿತ್ತು. ಅದಕ್ಕೂ ಮೊದಲಿನಿಂದ, ಪ್ರತಿ ಡಿಸೆಂಬರ್ 16ಕ್ಕೆ, ಅವರು ಒಂದು ಪೂಜೆ ಹೇಳಿಸುತ್ತಿದ್ದರು. ಆ ದಿನ ದೇಶಕ್ಕೆಲ್ಲ ವಿಜಯ ದಿವಸ. ಸಾಹೇಬರು ಚೀಟಿಯಲ್ಲಿ ಬರೆದುಕೊಡುತ್ತಿದ್ದದ್ದು, “ಎರಡೂ ಕಡೆ ಸತ್ತವರಿಗಾಗಿ.” ಯಾಕೆ ಎರಡೂ ಕಡೆ ಅಂತ ಒಮ್ಮೆ ಕೇಳಿದೆ. “ಮೈನ್ ಹೂತವನೂ ನನ್ನ ಹಾಗೇ ಸ್ಯಾಪರ್. ಅವನ ಮನೆಯಲ್ಲೂ ಮಕ್ಕಳಿದ್ದವು,” ಅಂದರು.

ಎಂಬತ್ತೊಂಬತ್ತಕ್ಕೆ ಹೋದರು. ಕೊನೆಯ ಎರಡು ವರ್ಷ ಕಣ್ಣು ಮಂಜಾಗಿತ್ತು. ಅಂಗಳದಲ್ಲಿ ನಡೆಯುವಾಗ ಕೋಲನ್ನು ಮೊದಲು ಓರೆಯಾಗಿ ಊರಿ, ಆಮೇಲೆ ಕಾಲಿಡುತ್ತಿದ್ದರು. ಹಿಂದೆ ಬರುವ ಮರಿಮಗಳಿಗೆ ಇಲ್ಲೊಂದು ಕಲ್ಲಿದೆ ಮಗಾ ಅಂತ ಹೇಳುತ್ತಿದ್ದರು.

ಅಮ್ಮಾವ್ರು ಆ ಸಲಾಕೆಯನ್ನು ನನಗೆ ಕೊಟ್ಟಿದ್ದಾರೆ. ಇವತ್ತು ತಂದಿದ್ದೇನೆ, ಮೇಜಿನ ಮೇಲಿದೆ. ಇಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳು ಸುಮಾರು ಜನ ಇದ್ದೀರಿ. ಚಹಾಕ್ಕೆ ಹೋಗುವ ಮೊದಲು ಬಂದು ಕೈಯಲ್ಲಿ ಹಿಡಿದು ನೋಡಿ. ತುದಿ ಎಷ್ಟು ಸವೆದಿದೆ ಅಂತ ಬೆರಳಿಟ್ಟು ನೋಡಿ.