ಕ್ಯಾಪ್ಟನ್ ಮ್ಯಾರಿಯಟ್: ಕಡಲ ಕಥೆಗಾರ, ನೌಕಾಪಡೆಯ ತಕರಾರುಗಾರ

ಆಕಾಶವಾಣಿ ಮೈಸೂರಿನ ಕೇಳುಗರಿಗೆ ನಮಸ್ಕಾರ.

ಮೈಸೂರು, ಮಂಡ್ಯ ಸೀಮೆಯ ನಮಗೆ ದೊಡ್ಡ ನೀರು ಅಂದರೆ ಕನ್ನಂಬಾಡಿ ಹಿನ್ನೀರೇ. ಹಡಗು, ನೌಕಾಪಡೆ ಎಲ್ಲ ಪುಸ್ತಕ ಓದಿ ತಿಳಿದದ್ದು. ಹಾಗೆ ನಾನು ಓದಿ ಮೆಚ್ಚಿದ, ಮನಸ್ಸಿನಲ್ಲೇ ಜಗಳವನ್ನೂ ಆಡಿದ ಲೇಖಕ, ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಫ್ರೆಡರಿಕ್ ಮ್ಯಾರಿಯಟ್.

ಹುಟ್ಟಿದ್ದು 1792ರಲ್ಲಿ, ಲಂಡನ್ನಿನ ಉಳ್ಳವರ ಮನೆಯಲ್ಲಿ. ಕಡಲಿಗೆ ಹೋಗಲೇಬೇಕೆಂದು ಮನೆ ಬಿಟ್ಟು ಓಡುತ್ತಿದ್ದ ಹುಡುಗನನ್ನು 1806ರಲ್ಲಿ ಕೊನೆಗೂ ಹಡಗು ಹತ್ತಿಸಿದರು. ಅಲ್ಲಿ ಸಿಕ್ಕ ಕಪ್ತಾನ ಥಾಮಸ್ ಕೊಕ್ರೇನ್, ಮಹಾ ಎದೆಗಾರ. ಮುಂದೆ ಮ್ಯಾರಿಯಟ್ ಬರೆದ ಕಾದಂಬರಿಗಳ ಕಪ್ತಾನರಲ್ಲಿ ಅವನ ಛಾಯೆ ಕಾಣುತ್ತದೆ.

ಆಗಿನ ನೌಕಾಪಡೆಗೆ ಆಳು ಸಾಲದು. ಅದಕ್ಕೆ ಕಂಡುಕೊಂಡ ಉಪಾಯ, ಹಿಡಿದು ತರುವುದು. ಒಬ್ಬ ಅಧಿಕಾರಿ, ಜೊತೆಗೆ ದೊಣ್ಣೆ ಹಿಡಿದ ನಾಲ್ಕಾರು ಜನ ಬಂದರಿನ ಬೀದಿಗೆ ಇಳಿಯುತ್ತಿದ್ದರು. ಕಡಲಿನ ಕೆಲಸ ಬಲ್ಲವನು ಕಣ್ಣಿಗೆ ಬಿದ್ದರೆ ಮುಗಿಯಿತು. ಎಷ್ಟೋ ತಿಂಗಳ ಮೇಲೆ ಊರಿಗೆ ಮರಳುತ್ತಿದ್ದ ವ್ಯಾಪಾರಿ ಹಡಗನ್ನೇ ತಡೆದು, ದಡ ಕಾಣುತ್ತಿರುವಾಗಲೇ ನಾವಿಕರನ್ನು ಇಳಿಸಿಕೊಂಡು ಹೋಗುವುದೂ ಇತ್ತು. ಸಂಬಳ ಕೊಡುತ್ತಿದ್ದರು, ನಿಜ. ಹಾಗಂತ ಅದು ಬಿಟ್ಟಿ ಚಾಕರಿಗಿಂತ ಬಹಳ ದೂರವೇನಲ್ಲ.

ಇದನ್ನು ನಿಲ್ಲಿಸಿ ಎಂದು ಮ್ಯಾರಿಯಟ್ 1822ರಲ್ಲಿ ಕಿರುಹೊತ್ತಿಗೆಯನ್ನೇ ಅಚ್ಚು ಹಾಕಿಸಿದ. ಸೇವೆಯಲ್ಲಿದ್ದುಕೊಂಡೇ! ಮೇಲಿನವರಿಗೆ ಹಿಡಿಸಲಿಲ್ಲ. ಮುಂದೆ ಫ್ರಾನ್ಸಿನ ದೊರೆ ಕೊಟ್ಟ ಪದಕವನ್ನು ಧರಿಸಲು ಇವನ ದೊರೆ ಒಪ್ಪಿಗೆ ಕೊಡದಿದ್ದಕ್ಕೆ ಈ ಹೊತ್ತಿಗೆಯೇ ಕಾರಣ ಎಂಬ ಮಾತಿದೆ. ಆ ಪದಕ ಬಂದದ್ದಾದರೂ ಯಾತಕ್ಕೆ? 1817ರಲ್ಲಿ ವ್ಯಾಪಾರಿ ಹಡಗುಗಳಿಗೆಂದು ಅವನು ರೂಪಿಸಿದ ಬಾವುಟ ಸಂಕೇತಕ್ಕೆ. ಒಂದೊಂದು ಅಂಕಿಗೆ ಒಂದೊಂದು ಬಾವುಟ. ಕಂಬಕ್ಕೇರಿದ ಬಾವುಟಗಳನ್ನು ದೂರದ ಹಡಗಿನವರು ದುರ್ಬೀನಿನಲ್ಲಿ ನೋಡಿ, ಆ ಸಂಖ್ಯೆಯನ್ನು ಪುಸ್ತಕದಲ್ಲಿ ತೆಗೆದರೆ ಹಡಗಿನ ಹೆಸರೋ ಬಂದರಿನ ಹೆಸರೋ ಇಡೀ ವಾಕ್ಯವೋ ಸಿಗುತ್ತಿತ್ತು.

1824ರ ಬರ್ಮಾ ಯುದ್ಧದಲ್ಲೂ ಇದ್ದ. ಕಲ್ಕತ್ತೆಯಲ್ಲಿ ಕಟ್ಟಿದ 'ಡಯಾನಾ' ಎಂಬ ಉಗಿಹಡಗನ್ನು ಅಲ್ಲಿಗೆ ತರಿಸಿಕೊಳ್ಳಲು ಒತ್ತಾಯಿಸಿದವರಲ್ಲಿ ಇವನೂ ಒಬ್ಬ. 1830ರಲ್ಲಿ ಸೇವೆ ಬಿಟ್ಟು ಪೂರ್ತಿ ಬರವಣಿಗೆಗೆ ಕೂತ.

ಹೊತ್ತಿಗೆಯಲ್ಲಿ ವಾದ ಮಾಡಿದವನು ಕಾದಂಬರಿಯಲ್ಲಿ ನಗಿಸಿದ. 'ಪೀಟರ್ ಸಿಂಪಲ್'ನಲ್ಲಿ ಆಳು ಹಿಡಿಯಲು ಬಂದ ತಂಡವನ್ನು ಒಬ್ಬಳೇ ಹೆಂಗಸು ಹಿಮ್ಮೆಟ್ಟಿಸುತ್ತಾಳೆ. ನನಗೆ ಆ ಹೊತ್ತಿಗೆಗಿಂತ ಈ ಪ್ರಸಂಗವೇ ಹೆಚ್ಚು.

ಜಗಳ ಅಂದೆನಲ್ಲ, ಅದು ಇಲ್ಲಿ. ಇವನ ತಂದೆ ಜೋಸೆಫ್ ಮ್ಯಾರಿಯಟ್ ಸಂಸತ್ ಸದಸ್ಯ. ಗುಲಾಮಗಿರಿ ವಿರೋಧಿಗಳ ಎದುರು ನಿಂತು ಗುಲಾಮರನ್ನು ದುಡಿಸುತ್ತಿದ್ದ ತೋಟದ ಮಾಲೀಕರ ಪರ ವಾದಿಸಿದವನು. ಮಗ ಬಿಡಿಸಿಕೊಳ್ಳಲು ಹೊರಟದ್ದು ತನ್ನ ನಾವಿಕರನ್ನು. ಆ ತೋಟದಾಳುಗಳಿಗಾಗಿ ಅವನು ಅಂಥದೊಂದು ಹೊತ್ತಿಗೆ ಬರೆಯಲಿಲ್ಲ.

1848ರಲ್ಲಿ ತೀರಿಕೊಂಡ. ನಾವಿಕರು ತಾವಾಗಿ ಒಪ್ಪಿ, ವರ್ಷಗಳ ಲೆಕ್ಕದಲ್ಲಿ ಸೇರುವ ಪದ್ಧತಿ ಬಂದದ್ದು 1853ರಲ್ಲಿ. ಹಿಡಿದು ತರುವ ಅಧಿಕಾರವನ್ನು ಆಗಲೂ ರದ್ದು ಮಾಡಲಿಲ್ಲ. ಬಳಸುವುದನ್ನು ಬಿಟ್ಟಿದ್ದರು, ಅಷ್ಟೆ. ನಮಸ್ಕಾರ.