ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಫ್ಯಾಂಟಸಿ ಡ್ರಾಫ್ಟ್ ಮಾಡುವುದು ಹೇಗೆ?

[ದೃಶ್ಯ: ಗೋಡೆಯ ಮೇಲೆ ದೊಡ್ಡ ಖಾಲಿ ಚಾರ್ಟ್. ಒಂದು ಕೈ ಬಂದು ಮೊದಲ ಚೌಕದಲ್ಲಿ ಹಳದಿ ಸ್ಟಿಕ್ಕರ್ ಅಂಟಿಸುತ್ತದೆ. ಹಿಂದೆ ಗದ್ದಲ.]

ನಮಸ್ಕಾರ. ಆ ಒಂದು ಸ್ಟಿಕ್ಕರ್ ಅಂಟುವಷ್ಟರಲ್ಲಿ ಕೋಣೆಯಲ್ಲಿ ಏನೆಲ್ಲ ನಡೆದುಹೋಯಿತು ಗೊತ್ತಾ? ಹೆಸರು ಹೇಳಿದವನ ಮುಖ ಅರಳಿತು. ಪಕ್ಕದಲ್ಲಿ ಕೂತವನು "ಅಯ್ಯೋ, ನಾನು ಇವನನ್ನೇ ಕಾಯ್ತಾ ಇದ್ದೆ ಕಣೋ" ಅಂತ ತಲೆ ಮೇಲೆ ಕೈ ಇಟ್ಟ. ಎದುರಿಗೆ ಕೂತವಳು ಏನೂ ಹೇಳಲಿಲ್ಲ. ತನ್ನ ಪಟ್ಟಿಯಲ್ಲಿ ಒಂದು ಹೆಸರಿಗೆ ಗೆರೆ ಎಳೆದು, ಅದರ ಕೆಳಗಿನ ಹೆಸರಿಗೆ ಮೆಲ್ಲಗೆ ಸುತ್ತು ಹಾಕಿಕೊಂಡಳು. ಒಬ್ಬೊಬ್ಬರೇ ಮನೆಯಲ್ಲಿ ಕೂತು ಫೋನಿನಲ್ಲಿ ಡ್ರಾಫ್ಟ್ ಮಾಡಿದರೆ ಇದ್ಯಾವುದೂ ಕಾಣುವುದಿಲ್ಲ. ಅದಕ್ಕೇ ನನಗೆ ಎದುರುಬದುರು ಕೂತು ಮಾಡುವ ಡ್ರಾಫ್ಟ್ ಅಂದರೆ ಅಷ್ಟು ಇಷ್ಟ.

ಹೊಸಬರಿಗಾಗಿ ಒಂದು ನಿಮಿಷ. ಫ್ಯಾಂಟಸಿ ಲೀಗ್ ಅಂದರೆ ನಿಜವಾದ ಆಟಗಾರರನ್ನು ಹಂಚಿಕೊಂಡು ನಮ್ಮದೇ ತಂಡ ಕಟ್ಟುವುದು. ಮೈದಾನದಲ್ಲಿ ಅವರು ಆಡಿದ ಹಾಗೆ ನಮಗೆ ಅಂಕ ಬರುತ್ತದೆ. ಡ್ರಾಫ್ಟ್ ಅಂದರೆ ಆ ಹಂಚಿಕೆ. ಸಾಮಾನ್ಯವಾಗಿ ಸರದಿಯ ಹಾಗೆ ಒಬ್ಬೊಬ್ಬರೇ ಒಬ್ಬ ಆಟಗಾರನ ಹೆಸರು ಹೇಳುತ್ತಾರೆ. ಆ ಒಂದು ಆಯ್ಕೆಗೆ ಪಿಕ್ ಅಂತ ಹೆಸರು, ಎಲ್ಲರ ಸರದಿ ಒಮ್ಮೆ ಮುಗಿದರೆ ಒಂದು ರೌಂಡ್. ಒಬ್ಬ ಆಟಗಾರ ಒಂದೇ ತಂಡಕ್ಕೆ. ನೀವು ತಗೊಂಡರೆ ಉಳಿದವರಿಗೆ ಇಲ್ಲ. ಪ್ರತಿ ಪಂದ್ಯಕ್ಕೂ ಹೊಸ ತಂಡ ಮಾಡುವ ಆ್ಯಪ್‌ಗಳಲ್ಲಿ ಹೀಗಿರುವುದಿಲ್ಲ, ಅಲ್ಲಿ ಒಬ್ಬನೇ ಆಟಗಾರ ಸಾವಿರ ಜನರ ತಂಡದಲ್ಲಿ ಇರಬಹುದು. ನಾನು ಹೇಳುತ್ತಿರುವುದು ಇಡೀ ಸೀಸನ್ ನಡೆಯುವ ಗೆಳೆಯರ ಲೀಗ್ ಬಗ್ಗೆ.

ಅಮೆರಿಕನ್ ಫುಟ್‌ಬಾಲ್‌ನ ಫ್ಯಾಂಟಸಿ ಲೀಗ್‌ಗೆ ಮೊದಲ ಡ್ರಾಫ್ಟ್ ನಡೆದದ್ದೂ ಒಂದು ಮನೆಯಲ್ಲೇ. ಅಮೆರಿಕದ ಓಕ್‌ಲ್ಯಾಂಡ್ ರೈಡರ್ಸ್ ಫುಟ್‌ಬಾಲ್ ತಂಡದಲ್ಲಿ ಪಾಲು ಹೊಂದಿದ್ದ ಬಿಲ್ ವಿಂಕನ್‌ಬಾಕ್, 1962ರಲ್ಲಿ ತಂಡದ ಪ್ರವಾಸದ ಸಮಯದಲ್ಲಿ ನ್ಯೂಯಾರ್ಕಿನ ಹೋಟೆಲ್ ಒಂದರಲ್ಲಿ ಕೂತು ಇದರ ನಿಯಮ ಬರೆದರು. ಮರುವರ್ಷ, 1963ರ ಆಗಸ್ಟ್‌ನಲ್ಲಿ, ಅವರ ಮನೆಯ ನೆಲಮಾಳಿಗೆಯಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಎಂಟು ತಂಡಗಳು. ಮೊದಲ ಪಿಕ್ ಜಾರ್ಜ್ ಬ್ಲಾಂಡಾ ಎಂಬ ಆಟಗಾರ. ಕಂಪ್ಯೂಟರ್ ಇಲ್ಲ, ಆ್ಯಪ್ ಇಲ್ಲ. ಪೇಪರ್, ಪೆನ್ನು, ಸುತ್ತ ಕೂತ ಗೆಳೆಯರು, ಅಷ್ಟೇ.

[ತೆರೆಯ ಮೇಲೆ: ಕ್ಯಾಲೆಂಡರ್. ಒಂದು ಭಾನುವಾರಕ್ಕೆ ಕೆಂಪು ಸುತ್ತು.]

ಈಗ ನಿಮ್ಮ ಮನೆಯಲ್ಲಿ ಇದನ್ನು ನಡೆಸಬೇಕು ಅಂತಿಟ್ಟುಕೊಳ್ಳಿ. ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುವ ಮಾತು ಒಂದೇ: ಆ ದಿನ ಆ ಕೋಣೆಯಲ್ಲಿ ಯಾರನ್ನು ತಗೊಳ್ಳೋದು ಅನ್ನುವುದು ಬಿಟ್ಟು ಬೇರೆ ಯಾವ ಚರ್ಚೆಯೂ ಆಗಬಾರದು. ಅಂಕ ಹೇಗೆ ಕೊಡುವುದು, ತಂಡದಲ್ಲಿ ಎಷ್ಟು ಜನ, ಯಾವ ಜಾಗಕ್ಕೆ ಎಷ್ಟು ಆಟಗಾರರು, ಪಿಕ್ ಅದಲುಬದಲು ಮಾಡಬಹುದಾ, ಹೋದ ವರ್ಷದ ಆಟಗಾರನನ್ನು ಉಳಿಸಿಕೊಳ್ಳಬಹುದಾ, ಇದೆಲ್ಲ ಮೊದಲೇ ತೀರ್ಮಾನ ಆಗಿ ಗ್ರೂಪಿನಲ್ಲಿ ಬರಹದಲ್ಲಿ ಇರಬೇಕು. ಎಲ್ಲರೂ ಓದಿ "ಸರಿ" ಅಂದಿರಬೇಕು. ಮೂರನೇ ರೌಂಡಿನಲ್ಲಿ ಯಾರಾದರೂ ಎದ್ದು "ಅಲ್ಲ, ಕೀಪರ್ ಕ್ಯಾಚಿಗೆ ಎಷ್ಟು ಅಂಕ?" ಅಂತ ಕೇಳಿದರೆ ಡ್ರಾಫ್ಟ್ ಅಲ್ಲಿಗೇ ನಿಂತುಬಿಡುತ್ತದೆ. ಮತ್ತೆ ಹೊರಡುವುದಕ್ಕೆ ಅರ್ಧ ಗಂಟೆ ಬೇಕು.

ದುಡ್ಡಿನ ವಿಷಯವೂ ಮೊದಲೇ ಇತ್ಯರ್ಥ ಆಗಲಿ. ನನ್ನ ಮಟ್ಟಿಗೆ ಹಣ ಕಟ್ಟಿ ಆಡುವುದೇ ಬೇಡ. ಗೆದ್ದವರ ಹೆಸರು ಬರೆದಿಡುವ ಒಂದು ಕಪ್ ಸಾಕು.

ದಿನ ಯಾವುದು? ಸೀಸನ್ ಶುರುವಾಗುವ ದಿನಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ತಿಂಗಳ ಮುಂಚೆ ಮಾಡಿದರೆ, ಅಭ್ಯಾಸ ಪಂದ್ಯದಲ್ಲಿ ಗಾಯಗೊಂಡವನು ನಿಮ್ಮ ಮೊದಲ ಪಿಕ್ ಆಗಿರಬಹುದು. ಅವನ ಜೊತೆ ನಿಮ್ಮ ವರ್ಷವೂ ಹೋಯಿತು. ಕೊನೆಯ ವಾರದಲ್ಲಿ ಎಲ್ಲರಿಗೂ ಬಿಡುವಿರುವ ಒಂದು ದಿನ ಹುಡುಕಿ. ಹತ್ತು ಜನರ ಬಿಡುವು ಒಂದೇ ದಿನ ಸಿಗುವುದು ಸುಲಭ ಅಲ್ಲ, ಹಾಗಾಗಿ ಎರಡು ತಿಂಗಳ ಮುಂಚೆಯೇ ಕೇಳಲು ಶುರು ಮಾಡಿ.

[ತೆರೆಯ ಮೇಲೆ: ಒಂದರಿಂದ ಹತ್ತು, ಮತ್ತೆ ಹತ್ತರಿಂದ ಒಂದು. ಗೆರೆ ಹಾವಿನ ಹಾಗೆ ತಿರುಗುತ್ತದೆ.]

ಇನ್ನು ಸರದಿ. ಗೆಳೆಯರ ಲೀಗ್‌ಗಳಲ್ಲಿ ಜಾಸ್ತಿ ನಡೆಯುವುದು ಸ್ನೇಕ್ ಡ್ರಾಫ್ಟ್. ಹಾವು ಹರಿದ ಹಾಗೆ ಸರದಿ ಹೋಗಿ ತಿರುಗಿ ಬರುತ್ತದೆ. ಹತ್ತು ತಂಡ ಇದ್ದರೆ ಮೊದಲ ರೌಂಡಿನಲ್ಲಿ ಒಂದರಿಂದ ಹತ್ತು, ಎರಡನೇ ರೌಂಡಿನಲ್ಲಿ ಹತ್ತರಿಂದ ಒಂದು. ಅಂದರೆ ಮೊದಲ ಸ್ಥಾನದವರಿಗೆ 1ನೇ ಪಿಕ್ ಸಿಕ್ಕಿತು, ಆದರೆ ಮುಂದಿನದಕ್ಕೆ ಅವರು 20ರವರೆಗೆ ಕಾಯಬೇಕು. 20 ಮತ್ತು 21 ಒಟ್ಟಿಗೆ ಸಿಗುತ್ತವೆ. ಹತ್ತನೇ ಸ್ಥಾನದವರಿಗೆ 10 ಮತ್ತು 11, ಆಮೇಲೆ 30 ಮತ್ತು 31. ಮಧ್ಯದಲ್ಲಿ ಐದನೆಯವರಿಗೆ 5, 16, 25, 36. ಇವರು ಯಾವತ್ತೂ ಜಾಸ್ತಿ ಹೊತ್ತು ಕಾಯುವುದಿಲ್ಲ, ಆದರೆ ಒಟ್ಟಿಗೆ ಎರಡು ಆಟಗಾರರನ್ನು ತೆಗೆಯುವ ಸುಖವೂ ಇವರಿಗಿಲ್ಲ.

ಮೊದಲ ಪಿಕ್ ಸಿಕ್ಕವರಿಗೆ ತುಂಬಾ ಲಾಭ ಅನ್ನಿಸಿದರೆ ಒಂದು ತಿದ್ದುಪಡಿ ಇದೆ. ಮೂರನೇ ರೌಂಡ್ ಕೂಡ ಹತ್ತರಿಂದಲೇ ಶುರು ಮಾಡಿ, ಅಲ್ಲಿಂದ ಮುಂದೆ ಮಾಮೂಲಿ ಹಾವು. ಆಗ ಒಂದನೆಯವರಿಗೆ 1, 20, 30, 31. ಹತ್ತನೆಯವರಿಗೆ 10, 11, 21, 40. ಒಬ್ಬಿಬ್ಬರು ಆಟಗಾರರು ಉಳಿದವರಿಗಿಂತ ತೀರಾ ಮೇಲಿರುವ ವರ್ಷದಲ್ಲಿ ಇದು ನ್ಯಾಯ ಅನ್ನುವುದು ನನ್ನ ಅಭಿಪ್ರಾಯ.

ಸ್ಥಾನಕ್ಕೆ ಚೀಟಿ ಎತ್ತಿ. ಡ್ರಾಫ್ಟ್‌ಗೆ ಒಂದು ವಾರ ಮುಂಚೆ, ಎಲ್ಲರೂ ವಿಡಿಯೋ ಕಾಲ್‌ನಲ್ಲಿರುವಾಗ ಎತ್ತಿ. ನಾವು ಇದರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇವೆ. ಮೊದಲು ಯಾರ ಚೀಟಿ ಬಂತೋ ಅವರಿಗೆ ಮೊದಲ ಪಿಕ್ ಅಂತಲ್ಲ, ಯಾವ ಸ್ಥಾನ ಬೇಕು ಅಂತ ಮೊದಲು ಹೇಳುವ ಹಕ್ಕು. ಬೇಕಂತಲೇ ಎಂಟನೇ ಸ್ಥಾನ ಕೇಳಿದವರನ್ನು ನೋಡಿದ್ದೇನೆ. ಯಾಕೆ ಅಂತ ಉಳಿದವರೆಲ್ಲ ಇಡೀ ವಾರ ತಲೆ ಕೆಡಿಸಿಕೊಂಡಿದ್ದರು.

[ದೃಶ್ಯ: ಚಾರ್ಟ್ ಹತ್ತಿರದಿಂದ. ಹಳದಿ, ನೀಲಿ, ಹಸಿರು, ಗುಲಾಬಿ ಸ್ಟಿಕ್ಕರ್‌ಗಳು.]

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರೋಣ. ಬೋರ್ಡ್.

ನಾನು ಮೊದಲ ಸಲ ಮನೆಯಲ್ಲಿ ಡ್ರಾಫ್ಟ್ ಮಾಡಿದಾಗ ಬೋರ್ಡ್ ಇರಲಿಲ್ಲ. ನನ್ನ ಕೈಯಲ್ಲಿ ಒಂದು ನೋಟ್‌ಬುಕ್. ಯಾರು ಯಾರನ್ನು ತಗೊಂಡರು ಅಂತ ಬರೆದುಕೊಳ್ಳುತ್ತಾ ಹೋದೆ. ಎಲ್ಲರೂ ಹೋದ ಮೇಲೆ ರಾತ್ರಿ, ಲೀಗಿನ ಅಂಕ ಲೆಕ್ಕ ಇಡುವ ಆ್ಯಪ್‌ಗೆ ಹಾಕಲು ಕೂತರೆ, ಒಬ್ಬ ಬೌಲರ್ ನಾಲ್ಕನೇ ರೌಂಡಿನಲ್ಲಿ ಒಬ್ಬರಿಗೆ, ಒಂಬತ್ತನೇ ರೌಂಡಿನಲ್ಲಿ ಇನ್ನೊಬ್ಬರಿಗೆ! ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಯಾಕೆಂದರೆ ಪುಸ್ತಕ ಕಾಣುತ್ತಿದ್ದದ್ದು ನನಗೊಬ್ಬನಿಗೇ. ಎರಡನೆಯವರಿಗೆ ಉಳಿದವರಲ್ಲೇ ಒಬ್ಬರನ್ನು ಕೊಡಬೇಕಾಯಿತು. ಅವರ ಬೇಸರ ಆ ಸೀಸನ್ ಮುಗಿಯುವವರೆಗೂ ಹೋಗಲಿಲ್ಲ, ಅದು ಸಹಜವೂ ಹೌದು.

ಬೋರ್ಡ್ ಇದ್ದರೆ ಹತ್ತು ಜೊತೆ ಕಣ್ಣು ಕಾವಲಿರುತ್ತವೆ. ಮಾಡುವುದೇನೂ ಕಷ್ಟ ಇಲ್ಲ. ಎರಡು ಮೂರು ದೊಡ್ಡ ಡ್ರಾಯಿಂಗ್ ಶೀಟ್ ಸೇರಿಸಿ ಅಂಟಿಸಿ. ಮೇಲೆ ಅಡ್ಡಕ್ಕೆ ತಂಡಗಳ ಹೆಸರು, ಎಡಗಡೆ ಉದ್ದಕ್ಕೆ ರೌಂಡ್ ಸಂಖ್ಯೆ. ಹತ್ತು ತಂಡ, 15 ರೌಂಡ್ ಅಂದರೆ 150 ಚೌಕ. ಪ್ರತಿ ಸಾಲಿನ ಶುರುವಿಗೆ ಒಂದು ಬಾಣ ಬರೆಯಿರಿ. ಈ ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ. ಈ ಪುಟ್ಟ ಬಾಣ ಇಲ್ಲದಿದ್ದರೆ ಪ್ರತಿ ರೌಂಡಿನ ಕೊನೆಗೆ "ಈಗ ಯಾರು?" ಅಂತ ಗೊಂದಲ ಗ್ಯಾರಂಟಿ.

ಮೇಲೆ ಅಂಟಿಸಲು ಬಣ್ಣದ ಸ್ಟಿಕ್ಕರ್. ಆಟಗಾರ ಆಡುವ ಜಾಗಕ್ಕೆ ಒಂದು ಬಣ್ಣ. ಕ್ರಿಕೆಟ್ ಲೀಗ್ ಆದರೆ ಬ್ಯಾಟರ್ ಹಳದಿ, ಬೌಲರ್ ನೀಲಿ, ಆಲ್‌ರೌಂಡರ್ ಹಸಿರು, ಕೀಪರ್ ಗುಲಾಬಿ. ಹೆಸರನ್ನು ದಪ್ಪ ಮಾರ್ಕರ್‌ನಲ್ಲಿ ಬರೆಯಿರಿ. ಕೋಣೆಯ ಆ ತುದಿಯಲ್ಲಿ ನಿಂತು ನೀವೇ ಓದಿ ನೋಡಿ. ಓದಲು ಆಗದಿದ್ದರೆ ಅಕ್ಷರ ಸಣ್ಣದಾಯಿತು ಅಂತ ಅರ್ಥ.

ಬಣ್ಣ ಯಾಕೆ ಅಂದರೆ, ಅದೇ ನಿಜವಾದ ಆಟ ತೋರಿಸುವುದು. ಆರನೇ ರೌಂಡಿನಲ್ಲಿ ಒಬ್ಬರು ಕೀಪರ್ ತಗೊಂಡರು. ಮುಂದಿನವರೂ ಕೀಪರ್. ಅವರ ಮುಂದಿನವರೂ ಕೀಪರ್. ಬೋರ್ಡಿನಲ್ಲಿ ಸಾಲಾಗಿ ಮೂರು ಗುಲಾಬಿ. ಈಗ ಕೋಣೆ ನೋಡಿ. ಮಾತು ನಿಂತಿದೆ. ಇನ್ನೂ ಕೀಪರ್ ಇಲ್ಲದವರು ಬೆರಳಲ್ಲಿ ಎಣಿಸುತ್ತಿದ್ದಾರೆ: ಒಳ್ಳೆಯವರು ಇನ್ನೆಷ್ಟು ಉಳಿದರು, ನನ್ನ ಸರದಿಗೆ ಮುಂಚೆ ಎಷ್ಟು ಜನರಿಗೆ ಬೇಕು? ಇದೇ ಹೊತ್ತಿನಲ್ಲಿ ಇನ್ನೊಬ್ಬರು, ಕೀಪರ್ ಆಗಲೇ ಸಿಕ್ಕವರು, ಎಲ್ಲರೂ ಆ ಕಡೆ ಓಡುತ್ತಿರುವಾಗ ಒಳ್ಳೆಯ ಬೌಲರ್ ಒಬ್ಬನನ್ನು ಹಗುರವಾಗಿ ಎತ್ತಿಕೊಂಡುಬಿಡುತ್ತಾರೆ. ಡ್ರಾಫ್ಟಿನ ಜಾಣತನ ಇರುವುದು ಇಲ್ಲಿ. ನನಗೆ ಯಾರು ಬೇಕು ಅನ್ನುವುದರ ಜೊತೆಗೆ, ಉಳಿದವರಿಗೆ ಏನು ಕಡಿಮೆ ಇದೆ ಅಂತ ಗೋಡೆ ನೋಡಿ ಓದುವುದು.

ಆಡದೇ ಇರುವ ಒಬ್ಬರು ಬೋರ್ಡ್ ನೋಡಿಕೊಂಡರೆ ತುಂಬಾ ಒಳ್ಳೆಯದು. ತಮ್ಮನೋ ತಂಗಿಯೋ, ಲೀಗ್‌ನಲ್ಲಿ ಇಲ್ಲದ ಗೆಳೆಯನೋ. ಹೆಸರು ಕೇಳಿ, ಜೋರಾಗಿ ಒಮ್ಮೆ ಹೇಳಿ, ಬರೆದು ಅಂಟಿಸಬೇಕು. ಸ್ಟಿಕ್ಕರ್ ಅಂಟಿದ ಮೇಲೆ ಪಿಕ್ ಬದಲಾಗುವುದಿಲ್ಲ ಅನ್ನುವ ನಿಯಮ ಇರಲಿ.

[ತೆರೆಯ ಮೇಲೆ: ದೊಡ್ಡ ಟೈಮರ್. 60ರಿಂದ ಕೆಳಗೆ.]

ಸಮಯದ ಲೆಕ್ಕ ಹಾಕೋಣ. 150 ಪಿಕ್, ಒಂದೊಂದಕ್ಕೆ 90 ಸೆಕೆಂಡ್ ಕೊಟ್ಟರೆ 225 ನಿಮಿಷ. ಮೂರು ಮುಕ್ಕಾಲು ಗಂಟೆ. 60 ಸೆಕೆಂಡ್ ಕೊಟ್ಟರೆ ಎರಡೂವರೆ ಗಂಟೆ. ನಾನು 60 ಕೊಡುತ್ತೇನೆ. ಆದರೆ ಪ್ರತಿಯೊಬ್ಬರಿಗೂ ಇಡೀ ದಿನಕ್ಕೆ ಎರಡು ಸಲ, ಇನ್ನೊಂದು ನಿಮಿಷ ಕೇಳುವ ಅವಕಾಶ. ಇದರಿಂದ ಯಾರಿಗೂ ಉಸಿರು ಕಟ್ಟಿದ ಹಾಗೆ ಆಗುವುದಿಲ್ಲ, ಡ್ರಾಫ್ಟೂ ನಿಲ್ಲುವುದಿಲ್ಲ. ಐದು ರೌಂಡಿಗೊಮ್ಮೆ ಹತ್ತು ನಿಮಿಷ ಬಿಡುವು. ತಿನ್ನುವುದು, ಫೋನ್ ಮಾಡುವುದು, ಗೋಡೆ ಮುಂದೆ ನಿಂತು ವಾದ ಮಾಡುವುದು ಎಲ್ಲ ಆಗ.

ಸಮಯ ಮುಗಿದರೆ? ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ, ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ನಿಜವಾದ ಡ್ರಾಫ್ಟ್‌ನಲ್ಲೇ, 2003ರಲ್ಲಿ ಹೀಗಾಯಿತು. ಮಿನ್ನೆಸೋಟ ವೈಕಿಂಗ್ಸ್‌ಗೆ 7ನೇ ಪಿಕ್ ಇತ್ತು. ಪಿಕ್ ಅದಲುಬದಲು ಮಾಡಿಕೊಳ್ಳುವ ಮಾತುಕತೆಯಲ್ಲಿ ಗಡಿಯಾರ ಮುಗಿದುಹೋಯಿತು. ಹಿಂದೆ ಇದ್ದ ಎರಡು ತಂಡಗಳು ಮುಂದೆ ನುಗ್ಗಿ ತಮ್ಮ ಆಟಗಾರರನ್ನು ಹೇಳಿಬಿಟ್ಟವು. ವೈಕಿಂಗ್ಸ್ 9ನೆಯದಾಗಿ ಕೆವಿನ್ ವಿಲಿಯಮ್ಸ್‌ರನ್ನು ತಗೊಂಡರು. ಅಲ್ಲಿ ಪಿಕ್ ಸಾಯುವುದಿಲ್ಲ, ಸರದಿ ಮುಂದೆ ಹೋಗುತ್ತದೆ, ತಡ ಮಾಡಿದವರು ಯಾವಾಗ ಬೇಕಾದರೂ ಬಂದು ಹೇಳಬಹುದು. ನಮ್ಮಲ್ಲೂ ಇದನ್ನೇ ಇಟ್ಟುಕೊಂಡಿದ್ದೇವೆ. ಪಟ್ಟಿಯಲ್ಲಿ ಮೇಲಿರುವ ಯಾವುದೋ ಹೆಸರನ್ನು ತಾನಾಗಿ ಅಂಟಿಸುವುದಕ್ಕಿಂತ ಇದು ಎಷ್ಟೋ ಮೇಲು.

ಬರಲಾಗದ ಗೆಳೆಯ ಇದ್ದರೆ ಬಿಟ್ಟುಬಿಡಬೇಡಿ. ಒಂದು ಫೋನನ್ನು ವಿಡಿಯೋ ಕಾಲ್‌ನಲ್ಲಿ ಬೋರ್ಡಿನ ಕಡೆ ತಿರುಗಿಸಿ ನಿಲ್ಲಿಸಿ. ನೆಟ್‌ವರ್ಕ್ ಕೈ ಕೊಟ್ಟರೆ ಇರಲಿ ಅಂತ ಅವರ ಪಟ್ಟಿಯನ್ನು ಮೊದಲೇ ತರಿಸಿಕೊಂಡು, ಬೋರ್ಡ್ ನೋಡಿಕೊಳ್ಳುವವರ ಕೈಯಲ್ಲಿ ಕೊಡಿ. ಲೀಗ್‌ನಲ್ಲಿ ತಂಡ ಇರುವ ಇನ್ನೊಬ್ಬರ ಕೈಯಲ್ಲಿ ಬೇಡ.

[ದೃಶ್ಯ: ಮೇಜಿನ ಮೇಲೆ ಬಡಿಯುವ ಕೈ.]

ಸರದಿ ಬೇಡ, ಹರಾಜೇ ಬೇಕು ಅನ್ನುವವರಿಗೆ. ಐಪಿಎಲ್ ಹರಾಜು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರು ಮಾಡಿದ ರೋಟಿಸರಿ ಬೇಸ್‌ಬಾಲ್ ಲೀಗ್ ಹರಾಜಿನಿಂದಲೇ ನಡೆದದ್ದು. ಅವರು ಸೇರುತ್ತಿದ್ದ ರೆಸ್ಟೋರೆಂಟಿನ ಹೆಸರೇ ಲೀಗ್‌ಗೆ ಬಂತು. ಈ ಬಗೆಯ ಬೇಸ್‌ಬಾಲ್ ಲೀಗ್‌ಗಳಲ್ಲಿ ಒಂದೊಂದು ತಂಡಕ್ಕೆ 260 ಡಾಲರ್ ಲೆಕ್ಕದ ಹಣ, 23 ಆಟಗಾರರು ಅನ್ನುವುದು ರೂಢಿ.

ಹರಾಜಿನಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಪಡೆಯಬಹುದು. ಅದೇ ಅದರ ಚೆಂದ. ಆದರೆ ಸ್ನೇಕ್ ಡ್ರಾಫ್ಟ್‌ಗಿಂತ ಹೊತ್ತು ಜಾಸ್ತಿ ಬೇಕು. ಗಂಟಲು ಗಟ್ಟಿ ಇರುವ ಒಬ್ಬರು "ಒಂದು ಸಲ, ಎರಡು ಸಲ, ಮೂರು ಸಲ" ಅಂತ ಕೂಗಲು ಬೇಕೇ ಬೇಕು. ಮತ್ತೆ ಒಂದು ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಗೋಡೆಯಲ್ಲಿರಬೇಕು. ಕನಿಷ್ಠ ಬೆಲೆ 1 ಅಂತಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿ 40 ಉಳಿದಿದೆ, ಇನ್ನೂ ಆರು ಜಾಗ ಖಾಲಿ. ಈಗ ಒಬ್ಬನಿಗೆ ಹೆಚ್ಚೆಂದರೆ 35 ಹೇಳಬಹುದು, ಯಾಕೆಂದರೆ ಉಳಿದ ಐದು ಜಾಗಕ್ಕೆ ಒಂದೊಂದಾದರೂ ಬೇಕು. ಆವೇಶದಲ್ಲಿ ಇದನ್ನು ಮರೆಯುವವರೇ ಜಾಸ್ತಿ. ಮೊದಲ ವರ್ಷ ಸ್ನೇಕ್ ಮಾಡಿ, ಎಲ್ಲರಿಗೂ ಕೈ ಪಳಗಿದ ಮೇಲೆ ಹರಾಜಿಗೆ ಹೋಗಿ ಅಂತ ನನ್ನ ಸಲಹೆ.

[ದೃಶ್ಯ: ತುಂಬಿದ ಬೋರ್ಡ್. ಅದರ ಮುಂದೆ ಎಲ್ಲರೂ ನಿಂತಿದ್ದಾರೆ.]

ಕೊನೆಯ ಸ್ಟಿಕ್ಕರ್ ಅಂಟಿತು. ಎಲ್ಲರೂ ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ. ಐದು ನಿಮಿಷ ತಡೆಯಿರಿ. ಮೊದಲು ಬೋರ್ಡಿನ ಫೋಟೋ, ಎಲ್ಲ ಹೆಸರೂ ಓದುವ ಹಾಗೆ, ಎರಡು ಮೂರು ತುಂಡಾಗಿ. ಆಮೇಲೆ ಅಲ್ಲೇ ಕೂತು ಆ್ಯಪ್‌ಗೆ ಹಾಕಿ. ಒಬ್ಬರು ಬೋರ್ಡ್ ನೋಡಿ ಓದಲಿ, ಒಬ್ಬರು ಟೈಪ್ ಮಾಡಲಿ. ಒಂದೊಂದು ತಂಡ ಮುಗಿದ ಹಾಗೆ ಅದರ ಯಜಮಾನರು ಬಂದು ತಮ್ಮ 15 ಹೆಸರು ನೋಡಿ "ಸರಿಯಿದೆ" ಅಂದ ಮೇಲೆಯೇ ಹೊರಡಲಿ.

ಹಾಗೆ ನೋಡಲು ಬಂದವರು ಬೇಗ ಹೋಗುವುದಿಲ್ಲ. ಪಕ್ಕದ ಸಾಲಿನ ಮೇಲೆ ಬೆರಳಿಟ್ಟು "ಇವನನ್ನು ಯಾಕೆ ಬಿಟ್ರಿ?" ಅಂತ ಕೇಳುತ್ತಾರೆ. ಕೇಳಿಸಿಕೊಂಡವರು ಹಾಕಿದ್ದ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬರುತ್ತಾರೆ.