ಟ್ರಾವೆಲ್ ಟ್ರೇಲರ್ ಕೊಳ್ಳುವ ಮುನ್ನ ಟ್ರಕ್ಕಿನ ಬಾಗಿಲು ತೆರೆದು ನೋಡಿ

(ದೃಶ್ಯ: ಮನೆಯ ಮುಂದೆ ನಿಂತ ಪಿಕಪ್ ಟ್ರಕ್; ಚಾಲಕನ ಬದಿಯ ಬಾಗಿಲು ತೆರೆದಿದೆ.)

ನಮಸ್ಕಾರ. ಅಮೆರಿಕದಲ್ಲಿ ನೆಲೆಸಿದ್ದು, ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಟ್ರೇಲರ್ ಎಳೆದುಕೊಂಡು ಯೊಸೆಮಿಟಿಗೋ ಯೆಲ್ಲೋಸ್ಟೋನ್‌ಗೋ ಹೊರಡಬೇಕೆಂದಿರುವ ಕನ್ನಡ ಕುಟುಂಬಗಳಿಗಾಗಿ ಈ ವಿಡಿಯೋ. ಟ್ರೇಲರ್ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಹಾಸಿಗೆ, ಒಲೆ, ಬಚ್ಚಲುಗಳ ಮೇಲೆ. ಅಷ್ಟರಲ್ಲಿ ಮಾರಾಟಗಾರರು, "ನಿಮ್ಮ ಟ್ರಕ್ 11,000 ಪೌಂಡ್ ಎಳೆಯುತ್ತದೆ, ಇದರ ತೂಕ 5,500 ಅಷ್ಟೇ" ಎಂದುಬಿಟ್ಟರೆ ಲೆಕ್ಕ ಮುಗಿದಂತೆಯೇ. ಆ ಎರಡೂ ಅಂಕಿಗಳು ಸುಳ್ಳಲ್ಲ, ಆದರೆ ನಿಮ್ಮ ಪ್ರಯಾಣದ ಅಂಕಿಗಳೂ ಅಲ್ಲ.

5,500 ಎಂಬುದು ಖಾಲಿ ಟ್ರೇಲರ್‌ನ ತೂಕ. ನೀರು ಒಂದು ಗ್ಯಾಲನ್‌ಗೆ ಸುಮಾರು 8.3 ಪೌಂಡ್ ತೂಗುವುದರಿಂದ, 40 ಗ್ಯಾಲನ್ ಟ್ಯಾಂಕ್ ತುಂಬಿಸಿದೊಡನೆ 330 ಪೌಂಡ್ ಸೇರಿಕೊಳ್ಳುತ್ತದೆ. ಪಾತ್ರೆ, ಕುರ್ಚಿ, ಬಟ್ಟೆಬರೆ ಬೇರೆ. ಆದ್ದರಿಂದ ಟ್ರೇಲರ್‌ನ ಮೇಲೆ ಅಂಟಿಸಿರುವ ಗರಿಷ್ಠ ಒಟ್ಟು ತೂಕವನ್ನೇ, ಅಂದರೆ ಜಿವಿಡಬ್ಲ್ಯುಆರ್ ಅನ್ನೇ ಹಿಡಿಯಿರಿ. ಉದಾಹರಣೆಗೆ ಅದು 7,000 ಪೌಂಡ್ ಎಂದುಕೊಳ್ಳೋಣ.

ಇನ್ನು ಮುಖ್ಯ ವಿಷಯ. ಎತ್ತಿನ ಗಾಡಿಗೆ ಹೇರು ತುಂಬುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂದೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಟ್ರೇಲರ್‌ನ ಮೂಕಿ ಟ್ರಕ್ಕಿನ ಹಿಚ್ ಮೇಲೆ, ಅಂದರೆ ಹಿಂಬದಿಯ ಕೊಂಡಿಯ ಮೇಲೆ ಹೇರುವ ಭಾರಕ್ಕೆ ಟಂಗ್ ವೇಟ್ ಎನ್ನುತ್ತಾರೆ; ಅದು ಒಟ್ಟು ತೂಕದ ಶೇ. 10ರಿಂದ 15ರಷ್ಟಿರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗಿ, ಟ್ರಕ್ಕನ್ನೂ ಜೊತೆಗೆ ಎಳೆದಾಡುತ್ತದೆ. ಅಂದರೆ ಟ್ರಕ್ ಎಳೆಯುವುದಷ್ಟೇ ಅಲ್ಲ, ಹೊರಲೂ ಬೇಕು.

(ದೃಶ್ಯ: ಬಾಗಿಲ ಚೌಕಟ್ಟಿನ ಹಳದಿ-ಬಿಳಿ ಸ್ಟಿಕರ್, ಹತ್ತಿರದಿಂದ.)

ಎಷ್ಟು ಹೊರಬಲ್ಲದು ಎಂಬುದು ಇಲ್ಲಿದೆ. ಪ್ರಯಾಣಿಕರು ಮತ್ತು ಸಾಮಾನಿನ ಒಟ್ಟು ತೂಕ ಮೀರಬಾರದ ಮಿತಿ ಇದು. ಈ ಟ್ರಕ್ಕಿನಲ್ಲಿ 1,400 ಪೌಂಡ್ ಎಂದಿಟ್ಟುಕೊಳ್ಳಿ. ಟಂಗ್ ವೇಟ್ 7,000ದ ಶೇ. 13 ಎಂದು ಹಿಡಿದರೆ 910. ಉಳಿದದ್ದು 490. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 440. ಭಾರ ಹಂಚುವ ಹಿಚ್‌ಗೆ 80 ಹಿಡಿದರೆ, 30 ಪೌಂಡ್ ಆಗಲೇ ಮೀರಿತು. ಇನ್ನು 20 ಪೌಂಡಿನ ಸೋನಾ ಮಸೂರಿ ಚೀಲವನ್ನು ಸೀಟಿನ ಹಿಂದೆ ಇಡುವ ಮಾತೇ ಇಲ್ಲ. ಆ ಹಿಚ್ ಸ್ವಲ್ಪ ಭಾರವನ್ನು ಮುಂದಿನ ಚಕ್ರಗಳಿಗೆ ಸಾಗಿಸುತ್ತದೆ, ನಿಜ. ಆದರೆ ಸ್ಟಿಕರಿನ ಅಂಕಿಯನ್ನು ಅದು ಹೆಚ್ಚಿಸುವುದಿಲ್ಲ.

ಹಾಗಾದರೆ 11,000 ಎಲ್ಲಿಂದ ಬಂತು? ವಾಹನ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಇ, ಎಳೆಯುವ ಸಾಮರ್ಥ್ಯ ಅಳೆಯಲು ರೂಪಿಸಿದ ಜೆ2807 ಎಂಬ ಮಾನದಂಡದಿಂದ. ಅರಿಜೋನಾದ ಡೇವಿಸ್ ಅಣೆಕಟ್ಟೆಯ ಬಳಿಯ ಏರುದಾರಿಯನ್ನು ಮಾದರಿಯಾಗಿಟ್ಟುಕೊಂಡ ಈ ಪರೀಕ್ಷೆ ಸುಲಭದ್ದೇನಲ್ಲ: ಸುಡುಬಿಸಿಲಿನ ತಾಪ, ಎಸಿ ಪೂರ್ತಿ ಚಾಲೂ, 11 ಮೈಲಿಗೂ ಹೆಚ್ಚು ಏರು. ಆದರೆ ಅಲ್ಲಿ ಟ್ರಕ್ಕಿನೊಳಗೆ ಲೆಕ್ಕಕ್ಕೆ ಹಿಡಿಯುವುದು ತಲಾ 150 ಪೌಂಡಿನ ಇಬ್ಬರನ್ನು ಮಾತ್ರ. ನಿಮ್ಮ ಮಕ್ಕಳು ಆ ಅಂಕಿಯಲ್ಲಿಲ್ಲ.

ಹೀಗಾಗಿ ನನ್ನ ಸಲಹೆ, ಕುಟುಂಬದ ತೂಕವನ್ನು ಮೊದಲು ಕಳೆದು, ಉಳಿದದ್ದಕ್ಕೆ ಹೊಂದುವ ಟ್ರೇಲರ್ ಆರಿಸಿ. ಇದೇ ಟ್ರಕ್ಕಿಗೆ ಗರಿಷ್ಠ 5,000 ಪೌಂಡಿನ ಟ್ರೇಲರ್ ಆದರೆ ಟಂಗ್ ವೇಟ್ 650ಕ್ಕೆ ಇಳಿದು, ಸಾಮಾನಿಗೆ 230 ಪೌಂಡ್ ಉಳಿಯುತ್ತದೆ. ಟ್ರೇಲರ್ ಈಗಾಗಲೇ ಕೊಂಡಿದ್ದರೆ ಟ್ರಕ್ಕನ್ನು ಬದಲಿಸಬೇಕಾಗುತ್ತದೆ; ಹಾಗೆ ಬದಲಿಸುವಾಗ ಒಂದೇ ಮಾದರಿಯ ಎರಡು ಟ್ರಕ್ಕುಗಳ ಸ್ಟಿಕರ್ ಕೂಡ ಬೇರೆ ಬೇರೆ ಇರಬಹುದೆಂಬುದನ್ನು ಮರೆಯಬೇಡಿ, ಏಕೆಂದರೆ ಸನ್‌ರೂಫ್‌ನಂತಹ ಪ್ರತಿ ಸೌಕರ್ಯವೂ ಆ ಮಿತಿಯನ್ನು ತಿನ್ನುತ್ತದೆ.

ಟ್ರೇಲರ್‌ನ ಬ್ರೇಕನ್ನು ಟ್ರಕ್ಕಿನಿಂದಲೇ ಹಾಕಿಸುವ ಸಾಧನ, ಅಂದರೆ ಟ್ರೇಲರ್ ಬ್ರೇಕ್ ಕಂಟ್ರೋಲರ್ ಇಲ್ಲದೆ ಹೊರಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ವೇಗಮಿತಿ ಗಂಟೆಗೆ 55 ಮೈಲಿ. ಮೊದಲ ಪ್ರವಾಸದ ದಿನ ನೀರು, ಸಾಮಾನು, ಮಕ್ಕಳು ಎಲ್ಲ ತುಂಬಿಕೊಂಡು ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ನಲ್ಲಿರುವ ವೇಬ್ರಿಜ್, ಅಂದರೆ ವಾಹನ ತೂಗುವ ತಕ್ಕಡಿ ಹತ್ತಿಸಿ, ತೂಕದ ಚೀಟಿ ಕೈಗೆ ಬಂದ ಮೇಲೆ ಮುಂದಕ್ಕೆ ಹೋಗಿ.